ಮೆಡಿಕಲ್‌ನಲ್ಲಿ ಮಾತ್ರೆ ಸಿಗದಾದ ವಾರ: ಮನೆಯ ಮಗುವನ್ನು ಕಾಯುವುದು ಹೇಗೆ

ನಿದ್ದೆ ಮಾತ್ರೆಗೋ, ನೋವಿನ ಮಾತ್ರೆಗೋ, ಕೊಡೀನ್ ಇರುವ ಕೆಮ್ಮಿನ ಸಿರಪ್‌ಗೋ ಅಂಟಿಕೊಂಡ ತಾಯಿ ಅಥವಾ ತಂದೆ ಇರುವ ಮನೆಯಲ್ಲಿ ಮಗುವಿಗೆ ಎರಡು ಕಾಲ ಅಪಾಯದ್ದು. ಮಾತ್ರೆ ಕೈತುಂಬ ಸಿಗುವ ಕಾಲ ಒಂದು, ಮಾತ್ರೆ ಥಟ್ಟನೆ ಸಿಗದಾಗುವ ವಾರ ಇನ್ನೊಂದು. ಮೊದಲನೆಯದು ಎಲ್ಲರ ಕಣ್ಣಿಗೂ ಬೀಳುತ್ತದೆ. ಎರಡನೆಯದನ್ನು ‘ಸದ್ಯ, ಬಿಟ್ಟರಲ್ಲ’ ಎಂದು ಸುತ್ತಲಿನವರು ನೆಮ್ಮದಿಯ ಕಾಲವೆಂದೇ ತಿಳಿಯುತ್ತಾರೆ. ಆದರೆ ಫಿಟ್ಸ್ ಬರುವುದು, ಮನೆ ಸಾಮಾನು ಮಾರಾಟವಾಗುವುದು, ಮಾತ್ರೆಯ ಬದಲು ಸಾರಾಯಿ ಹಿಡಿಯುವುದು, ಮಗುವನ್ನು ಒಂಟಿಯಾಗಿ ಬಿಟ್ಟು ಮಾತ್ರೆ ಹುಡುಕಿ ಗಡಿಯಾಚೆ ಹೋಗುವುದು, ಇವೆಲ್ಲ ನಡೆಯುವುದು ಹೆಚ್ಚಾಗಿ ಆ ವಾರದಲ್ಲೇ.

ಆದ್ದರಿಂದ ಮಾತ್ರೆಯ ಮೇಲಿನ ಹಿಡಿತ, ದೊಡ್ಡವರ ಚಿಕಿತ್ಸೆ, ಮಗುವಿನ ವ್ಯವಸ್ಥೆ ಮೂರೂ ಒಂದೇ ದಿನ ಶುರುವಾಗಬೇಕು. ಇದನ್ನು ಬರೆದಿರುವುದು ಕೊಡಗಿನ ಮನೆಗಳಲ್ಲಿ ಮಗುವಿಗೆ ಹತ್ತಿರ ಇರುವವರಿಗಾಗಿ: ಅಜ್ಜ-ಅಜ್ಜಿ, ಚಿಕ್ಕಮ್ಮ, ಅಂಗನವಾಡಿ ಕಾರ್ಯಕರ್ತೆ, ಆಶಾ, ಶಾಲೆಯ ಟೀಚರ್, ತೋಟದ ಲೆಕ್ಕ ಬರೆಯುವ ರೈಟರ್.

ಅಂಗಡಿಯ ಪುಸ್ತಕದ ಮಿತಿ

ಔಷಧ ನಿಯಮಗಳಲ್ಲಿ ‘ಶೆಡ್ಯೂಲ್ ಎಚ್-1’ ಎಂಬ ಪಟ್ಟಿ ಇದೆ. 2014ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಆಲ್ಪ್ರಜೋಲಾಮ್, ಡಯಾಜೆಪಾಮ್, ನೈಟ್ರಜೆಪಾಮ್, ಜೋಲ್ಪಿಡೆಮ್ ಎಂಬ ನಿದ್ದೆ-ಆತಂಕದ ಮಾತ್ರೆಗಳೂ ಟ್ರಮಡಾಲ್, ಕೊಡೀನ್, ಪೆಂಟಜೋಸಿನ್, ಬ್ಯುಪ್ರೆನಾರ್ಫಿನ್ ಎಂಬ ನೋವಿನ ಔಷಧಗಳೂ ಈ ಪಟ್ಟಿಯಲ್ಲಿವೆ. ಇವನ್ನು ಮಾರುವಾಗ ಮೆಡಿಕಲ್‌ನವರು ಚೀಟಿ ಬರೆದ ವೈದ್ಯರ ಹೆಸರು ಮತ್ತು ವಿಳಾಸ, ರೋಗಿಯ ಹೆಸರು, ಔಷಧದ ಹೆಸರು, ಕೊಟ್ಟ ಪ್ರಮಾಣ ಇಷ್ಟನ್ನೂ ಪ್ರತ್ಯೇಕ ರಿಜಿಸ್ಟರ್‌ನಲ್ಲಿ ಬರೆದು 3 ವರ್ಷ ಇಟ್ಟುಕೊಳ್ಳಬೇಕು. ಚೀಟಿಯಲ್ಲಿ ವೈದ್ಯರು ‘ಮತ್ತೆ ಕೊಡಬಹುದು’ ಎಂದು ಬರೆಯದಿದ್ದರೆ ಅದು ಒಂದೇ ಸಲಕ್ಕೆ ಸಲ್ಲುತ್ತದೆ. ಕೊಟ್ಟ ಮೇಲೆ ಅಂಗಡಿಯ ಹೆಸರು, ತಾರೀಕು ಚೀಟಿಯ ಮೇಲೆ ಬೀಳಬೇಕು. ಟ್ರಮಡಾಲ್ 2018ರಿಂದ ಮಾದಕ ವಸ್ತುಗಳ ಕಾಯ್ದೆಯಡಿಯೂ ಬರುತ್ತದೆ.

ಈ ರಿಜಿಸ್ಟರ್ ಆಯಾ ಅಂಗಡಿಯದ್ದು. ಗೋಣಿಕೊಪ್ಪದಲ್ಲಿ ಒಂದು ಚೀಟಿ, ವಿರಾಜಪೇಟೆಯಲ್ಲಿ ಇನ್ನೊಂದು, ಕುಶಾಲನಗರದಲ್ಲಿ ಮತ್ತೊಂದು ತೋರಿಸಿದರೆ ಮೂರು ಪುಸ್ತಕದಲ್ಲಿ ಮೂರು ಸಾಲು ಬೀಳುತ್ತವೆ, ಮೂರನ್ನೂ ಒಟ್ಟಿಗೆ ನೋಡುವವರಿಲ್ಲ. ಕುಟ್ಟ ದಾಟಿದರೆ ಕೇರಳದ ವಯನಾಡು, ಮಾಕುಟ್ಟ ಇಳಿದರೆ ಕಣ್ಣೂರು. ಹಾಗಾಗಿ ‘ಅಂಗಡಿಯಲ್ಲಿ ಲೆಕ್ಕ ಇರುತ್ತದೆ, ಹೆಚ್ಚು ಸಿಗುವುದಿಲ್ಲ’ ಎಂಬ ಧೈರ್ಯದ ಮೇಲೆ ಮಗುವನ್ನು ಬಿಡಬೇಡಿ. ಲೆಕ್ಕ ಮನೆಯಲ್ಲೇ ಇರಬೇಕು.

ನೆಂಟರಾಗಲಿ ಟೀಚರ್ ಆಗಲಿ ಆ ರಿಜಿಸ್ಟರ್ ತೋರಿಸಿ ಎಂದು ಕೇಳುವಂತಿಲ್ಲ, ಅದು ಔಷಧ ಪರಿವೀಕ್ಷಕರ ಕೆಲಸ. ಚೀಟಿ ಇಲ್ಲದೆ ಮಾರುತ್ತಿದ್ದಾರೆ ಎಂಬುದು ಖಾತ್ರಿಯಾದರೆ ಜಿಲ್ಲೆಯ ಔಷಧ ನಿಯಂತ್ರಣ ಅಧಿಕಾರಿಗೆ ಬರೆದು ಕೊಡಿ: ತಾರೀಕು, ಔಷಧದ ಹೆಸರು, ಸ್ಟ್ರಿಪ್‌ನ ಬ್ಯಾಚ್ ನಂಬರ್. ದೂರಿನಲ್ಲಿ ಮಗುವಿನ ಹೆಸರು, ಶಾಲೆ ಬರಕೂಡದು. ದೂರು ಕೊಡುವ ಮೊದಲು ಆ ಮನೆಯವರಿಗೆ ವೈದ್ಯರ ಭೇಟಿ ನಿಗದಿಯಾಗಿರಲಿ. ಇಲ್ಲದಿದ್ದರೆ ಮೇಲೆ ಹೇಳಿದ ಆ ವಾರವನ್ನು ನೀವೇ ತಂದಂತಾಗುತ್ತದೆ.

ಅಮೆರಿಕದಿಂದ ಕಲಿಯುವುದು

ಅಮೆರಿಕದಲ್ಲಿ ಪ್ರತಿ ರಾಜ್ಯಕ್ಕೂ ಒಂದು ಕಂಪ್ಯೂಟರ್ ದಾಖಲೆ ಇದೆ. ಯಾವ ರೋಗಿಗೆ ಯಾವ ವೈದ್ಯರು ಎಷ್ಟು ನೋವಿನ ಮಾತ್ರೆ ಬರೆದರು, ಯಾವ ಅಂಗಡಿ ಕೊಟ್ಟಿತು ಎಂಬುದೆಲ್ಲ ಅಲ್ಲಿ ಸೇರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 1939ರಲ್ಲೇ ಇದರ ಮೊದಲ ರೂಪ ಬಂತು, ಕೊನೆಯದಾಗಿ ಮಿಸೌರಿ 2021ರಲ್ಲಿ ಕಾನೂನು ಮಾಡಿತು. ಕೆಂಟಕಿ 2012ರಲ್ಲಿ, ಚೀಟಿ ಬರೆಯುವ ಮುಂಚೆ ವೈದ್ಯರು ದಾಖಲೆ ನೋಡಲೇಬೇಕು ಎಂದು ಕಡ್ಡಾಯ ಮಾಡಿತು. ಚೀಟಿಗಾಗಿ ಊರೂರು ಸುತ್ತುವುದಕ್ಕೆ ಇಂಥ ನಿಯಮಗಳು ತಡೆ ಹಾಕಿದವು. ಆದರೆ ಆಗಲೇ ಅಂಟಿಕೊಂಡಿದ್ದವರಲ್ಲಿ ಒಂದು ಪಾಲು ಹೆರಾಯಿನ್‌ಗೆ ತಿರುಗಿತು. 2010ರಲ್ಲಿ ಆಕ್ಸಿಕಾಂಟಿನ್ ಎಂಬ ನೋವಿನ ಮಾತ್ರೆಯನ್ನು ಪುಡಿ ಮಾಡಲಾಗದಂತೆ ಬದಲಿಸಿದಾಗಲೂ ಹೀಗೇ ಆಯಿತು. ಅದೇ ಹೊತ್ತಿಗೆ, ತಂದೆ-ತಾಯಿಯಿಂದ ಬೇರೆ ಮಾಡಿ ಬೇರೆ ಕಡೆ ಇಟ್ಟು ಬೆಳೆಸುವ ಪೋಷಕತ್ವ (ಫಾಸ್ಟರ್ ಕೇರ್) ವ್ಯವಸ್ಥೆಯಲ್ಲಿದ್ದ ಮಕ್ಕಳ ಸಂಖ್ಯೆ 2012ರ ಸುಮಾರು 3.97 ಲಕ್ಷದಿಂದ 2017ರಲ್ಲಿ ಸುಮಾರು 4.43 ಲಕ್ಷಕ್ಕೆ ಏರಿತು. ಏರಿಕೆಗೆ ಕಾರಣ ಹಲವು; ತಂದೆ-ತಾಯಿಯ ಮಾದಕ ವ್ಯಸನ ಅದರಲ್ಲಿ ದೊಡ್ಡದು. 2018ರ ಕಾನೂನೊಂದು ಕೊನೆಗೆ ಹಣದ ದಾರಿಯನ್ನೇ ಬದಲಿಸಿತು: ಮಗುವನ್ನು ಮನೆಯಿಂದ ತೆಗೆಯುವ ಮೊದಲೇ ತಂದೆ-ತಾಯಿಯ ಚಿಕಿತ್ಸೆಗೆ 12 ತಿಂಗಳವರೆಗೆ ಕೇಂದ್ರದ ಹಣ, ವಸತಿ ಚಿಕಿತ್ಸಾ ಕೇಂದ್ರದಲ್ಲಿ ತಾಯಿಯ ಜೊತೆಗೇ ಮಗು ಇದ್ದರೆ ಅದಕ್ಕೂ ನೆರವು.

ಅಲ್ಲಿ ತಡವಾಗಿ ಬಂದದ್ದನ್ನು ನಾವು ಮೊದಲೇ ಮಾಡಬಹುದು. ಅದಕ್ಕೆ ಕಂಪ್ಯೂಟರ್ ಬೇಕಾಗಿಲ್ಲ.

ಮೊದಲ ದಿನ: ಕಸಿಯಬೇಡಿ, ಎಣಿಸಿ

ಮನೆಯಲ್ಲಿರುವ ಎಲ್ಲ ಸ್ಟ್ರಿಪ್, ಬಾಟಲಿ ಹೊರತೆಗೆಸಿ. ಹುಡುಕಬೇಕಾದ ಜಾಗಗಳು: ದಿಂಬಿನ ಕೆಳಗೆ, ಅಕ್ಕಿ ಡಬ್ಬಿ, ದೇವರ ಗೂಡು, ತೋಟಕ್ಕೆ ಒಯ್ಯುವ ಚೀಲ, ಮಳೆಕೋಟಿನ ಜೇಬು. ಒಂದು ಹಾಳೆಯಲ್ಲಿ ಔಷಧದ ಹೆಸರು, ಮಿಲಿಗ್ರಾಂ, ಉಳಿದ ಮಾತ್ರೆ, ದಿನಕ್ಕೆ ಎಷ್ಟು ನುಂಗುತ್ತಾರೆ, ಎಷ್ಟು ತಿಂಗಳಿಂದ ಎಂದು ಬರೆಯಿರಿ. ವೈದ್ಯರಿಗೆ ಈ ಹಾಳೆಯೇ ಮುಖ್ಯ. ದಿನಕ್ಕೆ 6 ನುಂಗುವವರು ನಾಚಿಕೆಯಿಂದ 2 ಎಂದು ಹೇಳಿದರೆ ಚಿಕಿತ್ಸೆ 2ರ ಲೆಕ್ಕದಲ್ಲಿ ಶುರುವಾಗುತ್ತದೆ, ಮೂರನೇ ದಿನಕ್ಕೆ ಕೈ ನಡುಗಿ ಮತ್ತೆ ಅಂಗಡಿಗೆ ಓಡುತ್ತಾರೆ.

ಮಾತಿನ ಧಾಟಿ ಇಲ್ಲಿ ದೊಡ್ಡದು. “ಅಕ್ಕಾ, ನಾನು ಮಾತ್ರೆ ಕಿತ್ಕೊಳ್ಳೋಕೆ ಬಂದಿಲ್ಲ, ಮಗೂನ ಕರ್ಕೊಂಡು ಹೋಗೋಕೂ ಬಂದಿಲ್ಲ. ಎಷ್ಟು ತಗೊಳ್ತಿದ್ದೀರಿ ಅಂತ ನಿಜ ಹೇಳಿದ್ರೆ ಡಾಕ್ಟರು ಸರಿಯಾಗಿ ಕೊಡ್ತಾರೆ” ಎಂದರೆ ಸಾಕು. ಪೊಲೀಸರ ಹೆಸರು ಮೊದಲ ಮಾತಿನಲ್ಲೇ ಬಂದರೆ ಎರಡನೇ ಸಲ ಬಾಗಿಲು ತೆರೆಯುವುದಿಲ್ಲ.

ನಂತರ ಬೀಗ. ತಗಡಿನ ಪೆಟ್ಟಿಗೆ ಅಥವಾ ಬೀಗ ಹಾಕುವ ಸ್ಟೀಲ್ ಡಬ್ಬಿ, ಮಗುವಿನ ಕೈಗೆ ಎಟುಕದ ಎತ್ತರದಲ್ಲಿ. ತೋಟದ ಕೆಲಸಗಾರರ ಒಂದೇ ಕೋಣೆಯ ಲೈನ್ ಮನೆಯಲ್ಲಿ ಎತ್ತರದ ಜಾಗವೆಂದರೆ ಒಲೆಯ ಮೇಲಿನ ಅಟ್ಟ. ಅಲ್ಲಿ ಹೊಗೆ, ಬಿಸಿ ಎರಡೂ ಇರುತ್ತವೆ, ಮಾತ್ರೆ ಕೆಡುತ್ತದೆ. ಎದುರು ಗೋಡೆಯಲ್ಲಿ ಮೊಳೆ ಹೊಡೆದು ಹಲಗೆ ಹಾಕಿಸಿ. ಕೀಲಿ ಮಾತ್ರೆ ನುಂಗುವವರ ಕೈಯಲ್ಲಿರಬಾರದು. ಅತ್ತೆ, ಅಣ್ಣ, ಪಕ್ಕದ ಮನೆಯ ನಂಬಿಕಸ್ಥರು ಯಾರಾದರೂ ಸರಿ, ದಿನಕ್ಕೆ ಒಂದು ದಿನದ ಪಾಲು ಮಾತ್ರ ಹೊರಗೆ ಕೊಡಲಿ. ಮಾತ್ರೆಯನ್ನು ಸ್ಟ್ರಿಪ್‌ನಿಂದ ಬಿಡಿಸಿ ಪೊಟ್ಟಣ ಕಟ್ಟಿಡಬೇಡಿ. ಮಗು ಅದನ್ನು ಪೆಪ್ಪರ್‌ಮೆಂಟ್ ಎಂದೇ ತಿನ್ನುತ್ತದೆ, ತಿಂದ ಮೇಲೆ ಯಾವ ಮಾತ್ರೆ ಎಂದು ಆಸ್ಪತ್ರೆಯಲ್ಲಿ ಹೇಳಲಿಕ್ಕೂ ಆಗುವುದಿಲ್ಲ.

ಮಗು ಮಾತ್ರೆ ನುಂಗಿದ ಅನುಮಾನ ಬಂದರೆ 108ಕ್ಕೆ ಕರೆ ಮಾಡಿ. ಎಬ್ಬಿಸಿದರೂ ಏಳದ ನಿದ್ದೆ, ತೂರಾಟ, ಸೂಜಿಮೊನೆಯಷ್ಟು ಸಣ್ಣಗಾದ ಕಣ್ಣಿನ ಪಾಪೆ, ನೀಲಿಯಾಗುವ ತುಟಿ, ನಿಧಾನವಾಗುವ ಉಸಿರು, ಇದರಲ್ಲಿ ಯಾವುದೊಂದು ಕಂಡರೂ ಕಾಯಬೇಡಿ. ಉಪ್ಪುನೀರು, ಹುಣಸೆನೀರು ಕುಡಿಸಿ ವಾಂತಿ ಮಾಡಿಸಬೇಡಿ. ಅರೆಎಚ್ಚರದ ಮಗುವಿನಲ್ಲಿ ವಾಂತಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಪಕ್ಕಕ್ಕೆ ಮಲಗಿಸಿ, ಖಾಲಿ ಸ್ಟ್ರಿಪ್ ಮತ್ತು ಎಣಿಕೆಯ ಹಾಳೆ ಜೊತೆಗೆ ಒಯ್ಯಿರಿ. ಮಗು ಚೆನ್ನಾಗಿಯೇ ಕಂಡರೂ ಆಸ್ಪತ್ರೆಗೆ ತೋರಿಸಲೇಬೇಕು. ಕೆಲವು ಮಾತ್ರೆಗಳ ಪರಿಣಾಮ ಗಂಟೆಗಳ ನಂತರ ಏರುತ್ತದೆ.

ಕಾಫಿ ಹಣ್ಣು ಕೊಯ್ಯುವ ಕಾಲದಲ್ಲಿ ಮಗು ಮಲಗಿರಲಿ ಎಂದು ಕೆಮ್ಮಿನ ಸಿರಪ್ ಕುಡಿಸುವವರಿದ್ದಾರೆ. ಕೊಡೀನ್, ಟ್ರಮಡಾಲ್ 12 ವರ್ಷದೊಳಗಿನ ಮಕ್ಕಳಿಗೆ ಕೊಡುವಂಥದ್ದೇ ಅಲ್ಲ, ಉಸಿರು ನಿಲ್ಲಬಹುದು. ವೈದ್ಯರ ಸೂಚನೆ ಇಲ್ಲದೆ ಮಗುವಿಗೆ ಮತ್ತಿನ ಔಷಧ ಕೊಡುವುದಕ್ಕೆ ಬಾಲನ್ಯಾಯ ಕಾಯ್ದೆಯ 77ನೇ ಕಲಮಿನಲ್ಲಿ 7 ವರ್ಷದವರೆಗೆ ಕಠಿಣ ಸಜೆ ಇದೆ. ಹಾಗೆಂದು ಹೆದರಿಸುವುದಕ್ಕಿಂತ ಪಂಚಾಯಿತಿಯ ‘ಕೂಸಿನ ಮನೆ’ಯೋ ತೋಟದ ಶಿಶುವಿಹಾರವೋ ಹತ್ತಿರ ಇದೆಯೇ ನೋಡಿ ಮಗುವನ್ನು ಅಲ್ಲಿ ಸೇರಿಸಿ. ಮಗು ನೋಡಿಕೊಳ್ಳುವವರು ಸಿಕ್ಕರೆ ಸಿರಪ್ ತಾನಾಗಿ ನಿಲ್ಲುತ್ತದೆ.

ದೊಡ್ಡವರ ಚಿಕಿತ್ಸೆ, ಅದೇ ವಾರ

ತಿಂಗಳುಗಟ್ಟಲೆ ನಿದ್ದೆ ಮಾತ್ರೆ ನುಂಗಿದವರು ಒಂದೇ ದಿನಕ್ಕೆ ಬಿಡಬಾರದು. ಫಿಟ್ಸ್, ಬುದ್ಧಿಭ್ರಮೆ, ಕೆಲವೊಮ್ಮೆ ಸಾವೂ ಆಗುತ್ತದೆ. ವೈದ್ಯರು ಸಾಮಾನ್ಯವಾಗಿ 2ರಿಂದ 4 ವಾರಕ್ಕೊಮ್ಮೆ ಶೇ. 5ರಿಂದ 10ರಷ್ಟು ಇಳಿಸುತ್ತಾ ಬರುತ್ತಾರೆ. ಅಂದರೆ ಇದು ಹಲವು ತಿಂಗಳ ಕೆಲಸ. ಮಗುವಿನ ವ್ಯವಸ್ಥೆಯನ್ನೂ ಅಷ್ಟೇ ತಿಂಗಳಿಗೆ ಯೋಚಿಸಬೇಕು, ಒಂದು ವಾರಕ್ಕಲ್ಲ. ಗರ್ಭಿಣಿಯಾಗಿದ್ದರೆ ನೋವಿನ ಮಾತ್ರೆಯನ್ನು ತಾನಾಗಿ ನಿಲ್ಲಿಸುವುದು ಹೊಟ್ಟೆಯ ಮಗುವಿಗೇ ಅಪಾಯ. ಹೆರಿಗೆಗೆ ಮುಂಚೆಯೇ ವೈದ್ಯರಿಗೆ ತಿಳಿಸಿದರೆ, ಹುಟ್ಟಿದ ಮಗುವಿನಲ್ಲಿ ನಡುಕ, ಚೀರಾಟ, ಹಾಲು ಹೀರಲಾಗದಿರುವುದು ಕಾಣುತ್ತದೆಯೇ ಎಂದು ಆಸ್ಪತ್ರೆಯಲ್ಲೇ ಕೆಲವು ದಿನ ಇಟ್ಟು ನೋಡುತ್ತಾರೆ.

ಎಲ್ಲಿಗೆ ಹೋಗಬೇಕು? ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆಯ ಮನೋವೈದ್ಯ ವಿಭಾಗಕ್ಕೆ. ಮಡಿಕೇರಿ ದೂರವಾದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಬರುವ ‘ಮನೋಚೈತನ್ಯ’ ಕ್ಲಿನಿಕ್ ಯಾವತ್ತು ಎಂದು ಆಶಾ ಮೂಲಕ ಕೇಳಿ. ಮಳೆಗಾಲದಲ್ಲಿ ರಸ್ತೆ ಕಟ್ಟಾದಾಗ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿ ಮಾತಾಡಬಹುದು, ವ್ಯಸನಮುಕ್ತಿಗೆ 14446. ಜೂನ್-ಜುಲೈಯಲ್ಲಿ ಔಷಧ ಮುಗಿಯಲು ಒಂದು ವಾರ ಇರುವಾಗಲೇ ಮುಂದಿನ ಚೀಟಿ ಮಾಡಿಸಿಕೊಳ್ಳಿ. ಸೇತುವೆ ಮೇಲೆ ನೀರು ಬಂದ ದಿನ ಮಾತ್ರೆ ಮುಗಿದರೆ, ಅಷ್ಟು ದಿನ ಇಳಿಸಿಕೊಂಡು ಬಂದದ್ದೂ ನೀರಿನಲ್ಲಿ ಹೋಮ.

ಹೆಚ್ಚಿನವರಿಗೆ ತಿಳಿಯದ ಎರಡು ಕಾನೂನಿನ ಮಾತು. ಮಾದಕ ವಸ್ತುಗಳ ಕಾಯ್ದೆಯ 64ಎ ಕಲಮಿನಂತೆ, ಸ್ವಂತ ಸೇವನೆಯ ಅಥವಾ ಸಣ್ಣ ಪ್ರಮಾಣದ ಪ್ರಕರಣದಲ್ಲಿ ಸಿಕ್ಕ ವ್ಯಸನಿ ತಾನಾಗಿ ಮುಂದೆ ಬಂದು ಮಾನ್ಯತೆ ಪಡೆದ ಕಡೆ ಚಿಕಿತ್ಸೆ ಪೂರ್ತಿ ಮಾಡಿಕೊಂಡರೆ ಮೊಕದ್ದಮೆಯಿಂದ ರಕ್ಷಣೆ ಇದೆ. ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಇನ್ನೊಂದು, 2017ರ ಮಾನಸಿಕ ಆರೋಗ್ಯ ಕಾಯ್ದೆಯ 21ನೇ ಕಲಮು: ತಾಯಿ ಒಳರೋಗಿಯಾಗಿ ಸೇರಿದರೆ 3 ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಅವಳಿಂದ ಬೇರೆ ಮಾಡುವಂತಿಲ್ಲ. ಅಪಾಯವಿದೆ ಎಂದು ಬೇರೆ ಮಾಡಿದರೂ 15 ದಿನಕ್ಕೊಮ್ಮೆ ಆ ತೀರ್ಮಾನವನ್ನು ಮತ್ತೆ ನೋಡಬೇಕು. ‘ಸೇರಿದರೆ ಕೂಸನ್ನು ಕಿತ್ತುಕೊಳ್ಳುತ್ತಾರೆ’ ಎಂಬ ಹೆದರಿಕೆಯಿಂದಲೇ ಎಷ್ಟೋ ತಾಯಂದಿರು ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ. ಈ ಕಲಮನ್ನು ಅವರಿಗೆ ಓದಿ ಹೇಳಿ.

ವೈದ್ಯರ ಚೀಟಿಯಂತೆ, ನೋವಿನ ಮಾತ್ರೆಯ ಚಟ ಬಿಡಿಸಲೂ ಕೊಡುವ ಬ್ಯುಪ್ರೆನಾರ್ಫಿನ್ ಅಥವಾ ಇಳಿಸುವ ಪ್ರಮಾಣದ ನಿದ್ದೆ ಮಾತ್ರೆ ತೆಗೆದುಕೊಳ್ಳುತ್ತಾ ಮಗುವನ್ನು ಸರಿಯಾಗಿ ನೋಡಿಕೊಳ್ಳುವವರು ಅಯೋಗ್ಯ ಪೋಷಕರಲ್ಲ. ಅವರ ಆಸ್ಪತ್ರೆ ಫೈಲಿನ ನಕಲು ಯಾವಾಗಲೂ ಕೈಯಲ್ಲಿರಲಿ.

ಮಗು ಎಲ್ಲಿರಬೇಕು

ಮೊದಲ ಆಯ್ಕೆ ಅದೇ ಮನೆ, ಜೊತೆಗೆ ಎಚ್ಚರವಿರುವ ಇನ್ನೊಬ್ಬ ದೊಡ್ಡವರು. ಅಜ್ಜಿ ಮೂರು ತಿಂಗಳು ಬಂದಿದ್ದರೆ ಸಾಕಾಗುವ ಕಡೆ ಮಗುವಿನ ಶಾಲೆ ಬದಲಿಸಬೇಡಿ. ಎರಡನೆಯದು ನೆಂಟರ ಮನೆ. ಕೊಡಗಿನಲ್ಲಿ ಒಕ್ಕದ (ಕುಲಕುಟುಂಬದ) ಹಿರಿಯರಿಗೆ ಒಂದು ಮಾತು ಹೋದರೆ ಮಗುವಿಗೆ ಜಾಗ ಸಿಗುವುದು ಕಷ್ಟವಲ್ಲ. ಕಷ್ಟವಾಗುವುದು ಮಾನಕ್ಕೆ ಹೆದರಿ ಆ ಮಾತನ್ನು ತಡ ಮಾಡುವುದರಿಂದ.

ಆದಿವಾಸಿಗಳ ಹಾಡಿಯ ಮಗುವಾದರೆ ವಸತಿ ಇರುವ ಆಶ್ರಮ ಶಾಲೆಗೆ ಸೇರಿಸಿ ಕೈತೊಳೆದುಕೊಳ್ಳುವ ರೂಢಿ ಇದೆ. ಶಾಲೆ ಒಳ್ಳೆಯದೇ ಇರಬಹುದು. ಆದರೆ ದಸರಾ ರಜೆಗೆ, ಬೇಸಿಗೆ ರಜೆಗೆ ಮಗು ಅದೇ ಮನೆಗೆ ಬರುತ್ತದೆ. ರಜೆಯಲ್ಲಿ ಯಾರ ಮನೆ, ಯಾರ ಹೊಣೆ ಎಂದು ಸೇರಿಸುವಾಗಲೇ ಬರೆದಿಡಿ. ಲೈನ್ ಮನೆಯ ಅಸ್ಸಾಂ, ಜಾರ್ಖಂಡ್ ಕಡೆಯ ಮಕ್ಕಳಿಗೆ ಇಲ್ಲಿ ನೆಂಟರೇ ಇರುವುದಿಲ್ಲ; ಮಕ್ಕಳ ರಕ್ಷಣೆಯ ತೀರ್ಮಾನ ಮಾಡುವ ಮಕ್ಕಳ ಕಲ್ಯಾಣ ಸಮಿತಿಯ ಮೂಲಕ ಅವರ ಊರಿನ ಜಿಲ್ಲೆಯ ಸಮಿತಿಗೆ ವರ್ಗಾಯಿಸಲು ಬಾಲನ್ಯಾಯ ಕಾಯ್ದೆಯ 95ನೇ ಕಲಮಿನಲ್ಲಿ ಅವಕಾಶವಿದೆ. ಮೇಸ್ತ್ರಿಯ ಕೈಗೆ ಮಗುವನ್ನು ಕೊಟ್ಟು ರೈಲು ಹತ್ತಿಸುವುದು ಯಾವ ಕಾರಣಕ್ಕೂ ಸಲ್ಲದು.

ನೆಂಟರ ಮನೆಗೆ ಖರ್ಚು ಭಾರವಾಗುತ್ತದೆ ಎಂದರೆ ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಕೇಳಿ: ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಹಳ್ಳಿಯಲ್ಲಿ ಕುಟುಂಬದ ವಾರ್ಷಿಕ ಆದಾಯ 72,000 ರೂ., ಪಟ್ಟಣದಲ್ಲಿ 96,000 ರೂ. ಮೀರಿರಬಾರದು. ತಂದೆ-ತಾಯಿ ದೈಹಿಕವಾಗಿ, ಆರ್ಥಿಕವಾಗಿ ನೋಡಿಕೊಳ್ಳಲಾಗದವರು ಎಂಬ ಕಾರಣ ಸಾಕು, ವೈದ್ಯರ ಪತ್ರ ಲಗತ್ತಿಸಿ. ಅರ್ಜಿ ಮಡಿಕೇರಿಯ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಮಗುವಿನ ಜನನ ಪ್ರಮಾಣಪತ್ರ ಅಥವಾ ಶಾಲೆಯ ವ್ಯಾಸಂಗ ಪ್ರಮಾಣಪತ್ರ, ಆಧಾರ್, ರೇಷನ್ ಕಾರ್ಡ್, ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ ಇಟ್ಟುಕೊಳ್ಳಿ. ಅರ್ಜಿ ಸಿಕ್ಕಿಬೀಳುವುದು ಬಹುಪಾಲು ಎರಡು ಕಡೆ: ಆಧಾರ್‌ನಲ್ಲೊಂದು ಶಾಲೆಯಲ್ಲೊಂದು ಹೆಸರಿರುವುದು, ಖಾತೆಗೆ ಆಧಾರ್ ಜೋಡಣೆ ಆಗದಿರುವುದು. ಎರಡನ್ನೂ ಅರ್ಜಿಗೆ ಮುಂಚೆಯೇ ಸರಿಮಾಡಿಸಿ.

ಮನೆಯಲ್ಲಿ ಹೊಡೆತ, ಹಸಿವು, ಒಂಟಿಯಾಗಿ ಬಿಟ್ಟುಹೋಗುವುದು, ಮಗುವಿನ ಕೈಯಲ್ಲೇ ಮಾತ್ರೆ ತರಿಸುವುದು ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಇಲ್ಲಿ ಕಾಯುವುದು ತಪ್ಪು. ರಕ್ಷಿಸಿದ ಮಗುವನ್ನು ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಸಮಿತಿ ಕೂರದ ದಿನ ಒಬ್ಬ ಸದಸ್ಯರ ಮುಂದೆ ಹಾಜರುಪಡಿಸಿದರೂ ನಡೆಯುತ್ತದೆ. 15 ದಿನದಲ್ಲಿ ಸಾಮಾಜಿಕ ತನಿಖಾ ವರದಿ, 4 ತಿಂಗಳಲ್ಲಿ ಅಂತಿಮ ಆದೇಶ ಎಂದು 36ನೇ ಕಲಮು ಹೇಳುತ್ತದೆ. ತಂದೆ-ತಾಯಿ ಅಸಮರ್ಥರು ಎಂದು ತೀರ್ಮಾನಿಸುವ ಅಧಿಕಾರ ಪಂಚಾಯಿತಿಗೂ ಇಲ್ಲ, ತೋಟದ ಮಾಲೀಕರಿಗೂ ಇಲ್ಲ.

ಆ 15 ದಿನವೇ ಎಲ್ಲವನ್ನೂ ನಿರ್ಧರಿಸುವುದು. ತನಿಖೆಗೆ ಬಂದವರು ಬೀಗದ ಪೆಟ್ಟಿಗೆ, ಎಣಿಕೆ ಹಾಳೆ, ಆಸ್ಪತ್ರೆ ಫೈಲು, ಮಗುವಿನ ತೂಕದ ಕಾರ್ಡ್, ಶಾಲೆಯ ಹಾಜರಿ ನೋಡಿದರೆ ವರದಿಯಲ್ಲಿ ಆ ಕುಟುಂಬಕ್ಕೆ ಒಂದು ದಾರಿ ಬರೆಯಬಹುದು. ಏನೂ ಇಲ್ಲದಿದ್ದರೆ ‘ವ್ಯಸನಿ’ ಎಂಬ ಒಂದೇ ಪದ ಉಳಿಯುತ್ತದೆ. ಟೀಚರ್, ಅಂಗನವಾಡಿಯವರು ಕಂಡದ್ದನ್ನಷ್ಟೇ ತಾರೀಕಿನ ಸಮೇತ ಹೇಳಲಿ: ‘ಸೋಮವಾರದಿಂದ ಬುಧವಾರದವರೆಗೆ ಊಟ ತಂದಿರಲಿಲ್ಲ’ ಎಂಬುದು ಸಾಕ್ಷಿ, ‘ಅವರ ಮನೆ ಸರಿಯಿಲ್ಲ’ ಎಂಬುದು ಸಾಕ್ಷಿಯಲ್ಲ. ಮಗುವಿನ ಹೆಸರು, ಫೋಟೋ ಯಾವ ವಾಟ್ಸಾಪ್ ಗುಂಪಿಗೂ ಹೋಗಬಾರದು, 74ನೇ ಕಲಮಿನಂತೆ ಅದು ಅಪರಾಧ. ವಕೀಲರು ಬೇಕಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ, ಸಹಾಯವಾಣಿ 15100. ಮಹಿಳೆಯರಿಗೆ, ಪರಿಶಿಷ್ಟ ಪಂಗಡದವರಿಗೆ ಆದಾಯ ಎಷ್ಟಿದ್ದರೂ ಉಚಿತ.

ನೆಂಟರಲ್ಲಿ ಯಾರೂ ಇಲ್ಲ, ಮನೆಗೆ ಕಳಿಸುವಂತಿಲ್ಲ ಎಂದಾದಾಗ ಪೋಷಕತ್ವ. ಬಾಲಮಂದಿರ ಕೊನೆಯ ಮಾರ್ಗ ಎಂಬುದು ಕಾಯ್ದೆಯ ಮೂಲತತ್ವವೇ. 2024ರ ಮಾದರಿ ಮಾರ್ಗಸೂಚಿಯಂತೆ 35ರಿಂದ 60 ವರ್ಷದೊಳಗಿನ, ಒಂಟಿಯಾಗಿ ಇರುವವರೂ ಪೋಷಕ ಕುಟುಂಬವಾಗಲು ಅರ್ಜಿ ಹಾಕಬಹುದು. ಒಂಟಿ ಗಂಡಸಿಗೆ ಗಂಡುಮಗುವನ್ನು ಮಾತ್ರ ಕೊಡುತ್ತಾರೆ. ಅಣ್ಣ-ತಂಗಿಯರನ್ನು ಒಂದೇ ಮನೆಯಲ್ಲಿಡಲು ಪ್ರಯತ್ನಿಸಬೇಕು ಎಂದು 44ನೇ ಕಲಮಿನಲ್ಲಿದೆ. ಸಮಿತಿಯ ಮುಂದೆ ಇದನ್ನು ಬಾಯಿಬಿಟ್ಟು ಕೇಳಿ. ಪೋಷಕತ್ವದ ಆದೇಶ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ.

ಪೋಷಕ ಮನೆಯಲ್ಲಿ, ಆಮೇಲೆ ಮರಳುವಾಗ

ಪೋಷಕ ಕುಟುಂಬಕ್ಕೆ ಮಗುವಿನ ಔಷಧದ ವಿವರ ಬರಹದಲ್ಲಿ ಸಿಗಬೇಕು. ಸಿರಪ್ ಕುಡಿಸಿ ಮಲಗಿಸುತ್ತಿದ್ದ ಮಗುವಾದರೆ ಮೊದಲ ದಿನಗಳಲ್ಲಿ ನಿದ್ದೆ ಬರುವುದಿಲ್ಲ, ಹೊಟ್ಟೆ ಕೆಡುತ್ತದೆ, ಅಳು ನಿಲ್ಲುವುದಿಲ್ಲ. ಅದನ್ನು ಹಠ ಎಂದುಕೊಂಡು ಗದರಬೇಡಿ, ವೈದ್ಯರಿಗೆ ತೋರಿಸಿ. ತನ್ನ ತಮ್ಮನಿಗೆ ಊಟ ಬಡಿಸಿ ಬೆಳೆಸಿದ ಎಂಟು ವರ್ಷದ ಹುಡುಗಿ ಹೊಸ ಮನೆಯಲ್ಲೂ ಅನ್ನ ಬಚ್ಚಿಡುತ್ತಾಳೆ. ಬಚ್ಚಿಡಲಿ, ಒಂದು ಡಬ್ಬಿ ಅವಳಿಗೆಂದೇ ಕೊಡಿ.

ಸಮಿತಿ ಬೇಡ ಎನ್ನದ ಹೊರತು ತಂದೆ-ತಾಯಿ ಬಂದು ಮಗುವನ್ನು ನೋಡಬಹುದು. ಭೇಟಿಯ ದಿನ, ಗಂಟೆ ನಿಗದಿಯಾಗಿರಲಿ, ಸಂತೆ ದಿನ ಬೇಡ. ಬರುತ್ತೇನೆಂದು ಬಾರದ ದಿನ ಮಗುವಿಗೆ ‘ಅಮ್ಮನಿಗೆ ಹುಷಾರಿಲ್ಲ, ಆಸ್ಪತ್ರೆಯ ಮದ್ದು ತಗೊಳ್ತಿದ್ದಾಳೆ’ ಎಂದು ನಿಜವನ್ನೇ ಹೇಳಿ.

ಮನೆಗೆ ಮರಳಿಸುವ ಮುನ್ನ ಸಮಿತಿ ಕೇಳುವ ಪ್ರಶ್ನೆಗಳಿಗೆ ಉತ್ತರ ಸಿದ್ಧವಿರಲಿ. ಚಿಕಿತ್ಸೆ ಎಲ್ಲಿ ನಡೆಯುತ್ತಿದೆ, ಮಾತ್ರೆ ಈಗ ಎಷ್ಟಕ್ಕೆ ಇಳಿದಿದೆ, ಕೀಲಿ ಯಾರ ಬಳಿ, ಮತ್ತೆ ಜಾರಿದರೆ ಅದೇ ರಾತ್ರಿ ಮಗು ಯಾರ ಮನೆಗೆ ಹೋಗುತ್ತದೆ. ಕೊನೆಯ ಪ್ರಶ್ನೆಗೆ ಹೆಸರು, ಫೋನ್ ನಂಬರ್, ನಡೆದು ಹೋಗುವ ದಾರಿ ಮೂರೂ ಬೇಕು. ಸಂಜೆಯ ಮೇಲೆ ಆನೆ ಓಡಾಡುವ ದಾರಿಯಾದರೆ ಆ ಮನೆ ಲೆಕ್ಕಕ್ಕಿಲ್ಲ, ಇನ್ನೂ ಹತ್ತಿರದ್ದನ್ನು ಹುಡುಕಿ. ಒಮ್ಮೆ ಜಾರಿದ್ದನ್ನೇ ಹಿಡಿದು ಮಗುವನ್ನು ಮತ್ತೆ ತೆಗೆಯಲೇಬೇಕೆಂದಿಲ್ಲ. ವೈದ್ಯರ ಭೇಟಿ ಮರುದಿನವೇ ಆಗಿ, ಮಗು ಆ ರಾತ್ರಿ ಗೊತ್ತುಮಾಡಿದ ಮನೆಯಲ್ಲಿ ಮಲಗಿದ್ದರೆ, ಅದನ್ನೂ ತಾರೀಕಿನ ಸಮೇತ ಬರೆದು ಮಕ್ಕಳ ರಕ್ಷಣಾ ಘಟಕದ ಸಾಮಾಜಿಕ ಕಾರ್ಯಕರ್ತರಿಗೆ ಕೊಡಿ. ಪೆಟ್ಟಿಗೆಯಲ್ಲಿ ಉಳಿದ ಹಳೆಯ ಮಾತ್ರೆ, ಸಿರಪ್ ಏನಿದ್ದರೂ ಮಗು ಬರುವ ಹಿಂದಿನ ದಿನ ವೈದ್ಯರಿಗೆ ತೋರಿಸಿ, ಅವರು ಹೇಳಿದಂತೆ ವಿಲೇವಾರಿ ಮಾಡಿ. ತೋಟದ ಬದಿಗೋ ತೊರೆಗೋ ಎಸೆಯಬೇಡಿ.